ವಿಪಿಎನ್ ಹಸಿರು, ಕೆಲಸ ಬಂದ್: ಮನೆಯಿಂದ ನಡೆಯುವ ಆಫೀಸಿನಲ್ಲಿ ಭದ್ರತೆಯ ದೋಷ ಹುಡುಕುವುದು

"ಸರ್, ವಿಪಿಎನ್ ಕನೆಕ್ಟ್ ಆಗಿದೆ, ಆದ್ರೆ ಏನೂ ಓಪನ್ ಆಗ್ತಿಲ್ಲ." ಅರ್ಧ ಜನ ಮನೆಯಿಂದ ಕೆಲಸ ಮಾಡುವ ಆಫೀಸಿನ ಐಟಿಯವರಿಗೆ ಈ ಮಾತು ಬಾಯಿಪಾಠ ಆಗಿರುತ್ತದೆ. ವಿಪಿಎನ್ ಅಂದರೆ ಮನೆಯ ಲ್ಯಾಪ್‌ಟಾಪನ್ನು ಇಂಟರ್‌ನೆಟ್ ಮೂಲಕ ಆಫೀಸಿನ ನೆಟ್‌ವರ್ಕ್‌ಗೆ ಕೂಡಿಸುವ ಗುಪ್ತ ಸುರಂಗ. ಇದನ್ನು ನೆಟ್‌ವರ್ಕ್ ದೂರು ಅಂತ ಬರೆದುಕೊಂಡು, ಯಾವುದೋ ಒಂದು ದಾರಿ ಮಾಡಿಕೊಟ್ಟು ಟಿಕೆಟ್ ಮುಚ್ಚುವುದು ವಾಡಿಕೆ. ಆಫೀಸಿನ ಭದ್ರತೆಯಲ್ಲಿ ತೂತು ಬೀಳುವುದು ಜಾಸ್ತಿ ಇಲ್ಲೇ. ಹ್ಯಾಕರ್ ಬಂದು ಕೊರೆಯುವುದಕ್ಕಿಂತ ಮೊದಲು, ಕೆಲಸ ನಡೆಯಲಿ ಅಂತ ನಾವೇ ಕೊರೆದುಕೊಟ್ಟಿರುತ್ತೇವೆ.

2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಲಾಕ್‌ಡೌನ್ ಘೋಷಣೆಯಾಯಿತು. ಜಾರಿ ಆಗಿದ್ದು ಅದೇ ಮಧ್ಯರಾತ್ರಿ. ಬೆಂಗಳೂರಿನ ದೊಡ್ಡ ಐಟಿ ಕಂಪನಿಗಳು ಅದಕ್ಕೆ ಸ್ವಲ್ಪ ಮುಂಚೆಯೇ ಜನರನ್ನು ಮನೆಗೆ ಕಳಿಸಲು ಶುರು ಮಾಡಿದ್ದವು. ಸಣ್ಣ ಆಫೀಸುಗಳಿಗೆ ಆ ಪುರಸೊತ್ತು ಸಿಗಲಿಲ್ಲ. ಸಿಪಿಯು ಅನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಮನೆಗೆ ಹೋದವರಿದ್ದಾರೆ. ಆ ವಾರ ಅವಸರದಲ್ಲಿ ತೆರೆದ ಎಷ್ಟೋ ರೂಲ್‌ಗಳು ಇವತ್ತಿಗೂ ಫೈರ್‌ವಾಲ್‌ನಲ್ಲಿ (ಆಫೀಸಿನ ನೆಟ್‌ವರ್ಕ್ ಒಳಗೆ ಯಾರನ್ನು ಬಿಡಬೇಕು ಅಂತ ಕಾಯುವ ಪೆಟ್ಟಿಗೆಯಲ್ಲಿ) ಹಾಗೇ ಕೂತಿವೆ.

ಈ ಬರಹ ಒಂದು ಫೈರ್‌ವಾಲ್, ಒಂದು ವಿಂಡೋಸ್ ಡೊಮೇನ್ (ಎಲ್ಲರ ಲಾಗಿನ್ ಒಂದೇ ಕಡೆ ನೋಡಿಕೊಳ್ಳುವ ವ್ಯವಸ್ಥೆ), ಒಬ್ಬಿಬ್ಬರು ಐಟಿಯವರು ಇರುವ ಮಧ್ಯಮ ಗಾತ್ರದ ಆಫೀಸುಗಳಿಗೆ. ದೂರು ಬಂದಾಗ ಏನು ನೋಡಬೇಕು, ದೂರಿನ ಹಿಂದೆ ಯಾವ ತೂತು ಇರಬಹುದು ಅನ್ನುವುದನ್ನು ಲಕ್ಷಣದಿಂದ ಶುರು ಮಾಡಿ ಹೇಳುತ್ತೇನೆ.

ಕೈ ಹಾಕುವ ಮೊದಲು

ಯಾರಿಗೆ ಆಗಿದೆ, ಎಲ್ಲಿಂದ ಆಗಿದೆ, ಯಾವಾಗಿನಿಂದ ಆಗಿದೆ. ಈ ಮೂರು ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಒಬ್ಬರಿಗೆ ಮಾತ್ರ ಆಗಿದ್ದರೆ ಅವರ ಲ್ಯಾಪ್‌ಟಾಪ್ ಅಥವಾ ಮನೆಯ ರೂಟರ್ ನೋಡಿ. ಒಂದೇ ಕಂಪನಿಯ ಇಂಟರ್‌ನೆಟ್ ಇರುವವರಿಗೆಲ್ಲ ಆಗಿದ್ದರೆ ದಾರಿಯಲ್ಲಿ ತೊಂದರೆ. ಎಲ್ಲರಿಗೂ ಆಗಿದ್ದರೆ ಆಫೀಸಿನ ಕಡೆ ನೋಡಿ.

ನಾಲ್ಕನೇ ಪ್ರಶ್ನೆ ಕೇಳುವವರು ಕಮ್ಮಿ: "ಇಷ್ಟು ದಿನ ಹೇಗೆ ಮ್ಯಾನೇಜ್ ಮಾಡಿದ್ರಿ?" ತೊಂದರೆ ಶುರುವಾಗಿ ಎರಡು ವಾರ ಆಗಿದೆ, ಆದರೆ ಜಿಎಸ್‌ಟಿ ರಿಟರ್ನ್ ಟೈಮಿಗೆ ಸರಿಯಾಗಿ ಹೋಗಿದೆ. ಅಂದಮೇಲೆ ಫೈಲು ಬೇರೆ ಯಾವುದೋ ದಾರಿಯಲ್ಲಿ ಓಡಾಡಿದೆ ಅಲ್ವಾ? ವಾಟ್ಸಾಪ್, ಸ್ವಂತ ಜಿಮೇಲ್, ಪಕ್ಕದ ಸೀಟಿನವರ ಪಾಸ್‌ವರ್ಡ್, ದೂರದಿಂದ ಕಂಪ್ಯೂಟರ್ ನಡೆಸುವ ಎನಿಡೆಸ್ಕ್, ಏನು ಬೇಕಾದರೂ ಇರಬಹುದು. ಈ ಪ್ರಶ್ನೆಯನ್ನು ಬೈಯುವ ದನಿಯಲ್ಲಿ ಕೇಳಿದರೆ ಉತ್ತರ ಸಿಗುವುದಿಲ್ಲ. ಸುಮ್ನೆ ಮಾತಿನ ನಡುವೆ ಕೇಳಿ. ಸಿಕ್ಕ ಉತ್ತರವನ್ನು ಟಿಕೆಟ್‌ನಲ್ಲಿ ಬರೆದಿಡಿ. ದೂರಿನಷ್ಟೇ ಆ ಉತ್ತರವೂ ಮುಖ್ಯ.

ಇನ್ನೊಂದು ಮಾತು. ಕಾರಣ ಗೊತ್ತಾಗುವ ಮೊದಲು ಫೈರ್‌ವಾಲ್ ರೀಸ್ಟಾರ್ಟ್ ಮಾಡಬೇಡಿ. ಅನೇಕ ಸಣ್ಣ ಫೈರ್‌ವಾಲ್‌ಗಳು ಲಾಗನ್ನು ಮೆಮೊರಿಯಲ್ಲೇ ಇಟ್ಟುಕೊಂಡಿರುತ್ತವೆ. ಆಫ್ ಮಾಡಿ ಆನ್ ಮಾಡಿದರೆ ಸಾಕ್ಷಿ ಹೋಯಿತು. ಮೊದಲು ಲಾಗ್ ಇಳಿಸಿಕೊಳ್ಳಿ, ಆಮೇಲೆ ಏನು ಬೇಕಾದರೂ ಮಾಡಿ.

ಲಕ್ಷಣ: ವಿಪಿಎನ್ ಕೂಡಿದೆ, ಸರ್ವರ್ ಸಿಗುತ್ತಿಲ್ಲ

ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಯಾಕೆಂದರೆ ಮುಂದಿನ ಅನರ್ಥಗಳಿಗೆಲ್ಲ ಇದೇ ಬೇರು.

ಆಫೀಸಿನ ಫೈಲ್ ಸರ್ವರ್ ವಿಳಾಸ 192.168.1.10 ಅಂತಿಟ್ಟುಕೊಳ್ಳಿ. ಪುತ್ತೂರಿನ ಮನೆಯಲ್ಲಿ ಕೂತ ಅಕೌಂಟೆಂಟ್ ವಿಪಿಎನ್ ಹಾಕುತ್ತಾರೆ. ಹಸಿರು ಗುರುತು ಬರುತ್ತದೆ. ಟ್ಯಾಲಿ ಮಾತ್ರ ತೆರೆಯುವುದಿಲ್ಲ. ಅವರ ಮನೆಯ ರೂಟರ್ ವಿಳಾಸ 192.168.1.1. ಅಂದರೆ ಮನೆಯ ನೆಟ್‌ವರ್ಕೂ ಆಫೀಸಿನ ನೆಟ್‌ವರ್ಕೂ ಒಂದೇ ಸರಣಿಯಲ್ಲಿವೆ. 192.168.1.10 ಎಲ್ಲಿದೆ ಅಂತ ಕೇಳಿದರೆ ಲ್ಯಾಪ್‌ಟಾಪ್ ಸುರಂಗದ ಕಡೆ ತಿರುಗಿಯೂ ನೋಡುವುದಿಲ್ಲ. "ಅದು ಇಲ್ಲೇ ಮನೆಯಲ್ಲೇ ಇರಬೇಕು" ಅಂದುಕೊಂಡು ಹಾಲ್‌ನಲ್ಲಿರುವ ಟಿವಿಯನ್ನೋ ಮಗನ ಫೋನನ್ನೋ ತಟ್ಟುತ್ತದೆ.

ಪತ್ತೆ ಮಾಡುವುದು ಸುಲಭ. ಮನೆಯ ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟ್‌ಗೆ ಕೂಡಿಸಿ ಅದೇ ಕೆಲಸ ಮಾಡಲು ಹೇಳಿ. ಅಲ್ಲಿ ನಡೆದರೆ ದೋಷ ಹೆಚ್ಚುಕಡಿಮೆ ಖಚಿತ. ಆಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ ಓಡಿಸಿ ಮನೆಯ ಸರಣಿ ಯಾವುದು ನೋಡಿ.

ಇಲ್ಲಿ ಜನ ಮೋಸ ಹೋಗುವ ಜಾಗವೊಂದಿದೆ. ಜಿಯೋ ಫೈಬರ್ ರೂಟರ್‌ಗಳು ಸಾಮಾನ್ಯವಾಗಿ 192.168.29 ಸರಣಿ ಕೊಡುತ್ತವೆ. ಅದು ಯಾವ ಆಫೀಸಿನ ಸರಣಿಗೂ ಅಷ್ಟಾಗಿ ಡಿಕ್ಕಿ ಹೊಡೆಯುವುದಿಲ್ಲ. ಹಾಗಾಗಿ "ಜಿಯೋ ಇದ್ದವರಿಗೆ ಸರ್ವರ್ ಸಿಗುತ್ತದೆ, ಕೇಬಲ್ ಇಂಟರ್‌ನೆಟ್‌ನವರಿಗೆ ಸಿಗುವುದಿಲ್ಲ" ಅನ್ನುವ ತೀರ್ಮಾನಕ್ಕೆ ಆಫೀಸು ಬಂದುಬಿಡುತ್ತದೆ. ಕೇಬಲ್‌ನವನ ಜೊತೆ ಜಗಳ ಬೇರೆ. ಪಾಪ, ಅವನ ತಪ್ಪೇನೂ ಇಲ್ಲ.

ತಾತ್ಕಾಲಿಕ ಪರಿಹಾರ ಬೇಕಿದ್ದರೆ ಆ ಒಂದು ಮನೆಯ ರೂಟರ್ ಸರಣಿಯನ್ನು 192.168.77ಕ್ಕೋ ಇನ್ನಾವುದಕ್ಕೋ ಬದಲಿಸಿ. ನಿಜವಾದ ಪರಿಹಾರ ಆಫೀಸಿನ ಸರಣಿಯನ್ನೇ ಬದಲಿಸುವುದು. 10ರಿಂದ ಶುರುವಾಗುವ, ಯಾರಿಗೂ ಸುಲಭಕ್ಕೆ ಹೊಳೆಯದ ಒಂದು ಸರಣಿ ಆರಿಸಿ. 10.73.20 ಥರದ್ದು. 10.0.0 ಮಾತ್ರ ಬೇಡ, ಅದೂ ಮನೆಗಳಲ್ಲಿ ಇರುತ್ತದೆ. ವಾರಾಂತ್ಯದ ಕೆಲಸ ಇದು. ಪ್ರಿಂಟರ್, ಬೆರಳಚ್ಚು ಹಾಜರಿ ಮಷೀನ್, ಸಿಸಿಟಿವಿ ಡಿವಿಆರ್, ಟ್ಯಾಲಿ ಲೈಸೆನ್ಸ್ ಸರ್ವರ್, ಇವಕ್ಕೆಲ್ಲ ವಿಳಾಸವನ್ನು ಕೈಯಲ್ಲೇ ಕೊಟ್ಟಿರುತ್ತಾರೆ. ಒಂದು ಮರೆತರೂ ಸೋಮವಾರ ಬೆಳಗ್ಗೆ ಫೋನ್ ಬರುತ್ತದೆ.

ಇದರ ತಮ್ಮನಂಥ ಇನ್ನೊಂದು ದೋಷ ಇದೆ. ಲಾಗಿನ್ ಆಗುತ್ತದೆ, ಸಣ್ಣ ಫೈಲು ತೆರೆಯುತ್ತದೆ, ದೊಡ್ಡದು ಅರ್ಧಕ್ಕೆ ನಿಲ್ಲುತ್ತದೆ. ಆಗ ಪ್ಯಾಕೆಟ್ ಗಾತ್ರ ನೋಡಿ. ಮಾಮೂಲಿ ಈಥರ್‌ನೆಟ್‌ನಲ್ಲಿ 1500 ಬೈಟ್ ಹೋಗುತ್ತದೆ. ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಕೂಡುವ ಪಿಪಿಪಿಒಇ ಲೈನ್‌ನಲ್ಲಿ ಹೋಗುವುದು 1492. ಅದರ ಮೇಲೆ ವಿಪಿಎನ್ ತನ್ನ ಹೊದಿಕೆಯನ್ನೂ ಹಾಕುತ್ತದೆ. ಒಡೆಯಬೇಡ ಅನ್ನುವ ಆಯ್ಕೆ ಹಾಕಿ 1472 ಗಾತ್ರದ ಪಿಂಗ್ ಕಳಿಸಿ. ಹೋಗದಿದ್ದರೆ ಹತ್ತು ಹತ್ತು ಇಳಿಸುತ್ತಾ ಬನ್ನಿ. ಹೋದ ಸಂಖ್ಯೆಗೆ 28 ಕೂಡಿಸಿದರೆ ಆ ದಾರಿ ತಡೆಯುವ ಗಾತ್ರ ಸಿಗುತ್ತದೆ. ಸುರಂಗದ ಗಾತ್ರವನ್ನು 1350ರ ಆಸುಪಾಸಿಗೆ ಇಳಿಸಿದರೆ ಹೆಚ್ಚಿನ ಮನೆಗಳಲ್ಲಿ ಸರಿಹೋಗುತ್ತದೆ.

ಇದೆಲ್ಲ ಬರೀ ನೆಟ್‌ವರ್ಕ್ ವಿಷಯ, ಭದ್ರತೆ ಎಲ್ಲಿ ಬಂತು ಅಂತ ಕೇಳಬಹುದು. ಈ ದೋಷ ಸಿಗದೇ ಹೋದಾಗ ಏನಾಗುತ್ತದೆ ನೋಡಿ. "ವಿಪಿಎನ್ ಸಾಕು, ಸರ್ವರ್‌ಗೆ ನೇರ ರಿಮೋಟ್ ಡೆಸ್ಕ್‌ಟಾಪ್ ಕೊಡಿ" ಅನ್ನುವ ಆದೇಶ ಮೇಲಿಂದ ಬರುತ್ತದೆ. ಸರಣಿ ಬದಲಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಇಂಟರ್‌ನೆಟ್ ಕಡೆಗೆ 3389 ಪೋರ್ಟ್, ಅಂದರೆ ದೂರದಿಂದ ಸರ್ವರ್ ಪರದೆ ನಡೆಸುವ ರಿಮೋಟ್ ಡೆಸ್ಕ್‌ಟಾಪ್‌ನ ಬಾಗಿಲು, ತೆರೆದುಕೊಳ್ಳುತ್ತದೆ.

ಲಕ್ಷಣ: ಸರ್ವರ್ ನಿಧಾನ, ಅಕೌಂಟ್ ಆಗಾಗ ಲಾಕ್

ಮೊದಲು 3389 ಹೊರಗಿನಿಂದ ಕಾಣುತ್ತಿದೆಯೇ ನೋಡಿ. ಆಫೀಸಿನ ಒಳಗಿಂದ ನೋಡಿದರೆ ಪ್ರಯೋಜನ ಇಲ್ಲ. ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಿಂದ ನಿಮ್ಮದೇ ಆಫೀಸಿನ ಐಪಿಯನ್ನು ಪರೀಕ್ಷಿಸಿ. ಫೈರ್‌ವಾಲ್‌ನ ಪೋರ್ಟ್ ಫಾರ್ವರ್ಡ್ ಪಟ್ಟಿಯನ್ನೂ ಓದಿ. "ನಾವು ಪೋರ್ಟ್ ನಂಬರ್ ಬದಲಿಸಿದ್ದೇವೆ" ಅನ್ನುವುದು ಉತ್ತರ ಆಗುವುದಿಲ್ಲ. ಹುಡುಕುವ ಪ್ರೋಗ್ರಾಂಗಳಿಗೆ ಪೋರ್ಟ್ ನಂಬರ್ ಯಾವುದಾದರೂ ಒಂದೇ.

ಆಮೇಲೆ ಸರ್ವರ್‌ನ ಈವೆಂಟ್ ವ್ಯೂವರ್ ತೆರೆದು ಸೆಕ್ಯುರಿಟಿ ಲಾಗ್‌ನಲ್ಲಿ 4625 ಸೋಸಿ. ಅದು ಸೋತ ಲಾಗಿನ್‌ಗೆ ವಿಂಡೋಸ್ ಕೊಡುವ ಗುರುತಿನ ಸಂಖ್ಯೆ. ಅಡ್ಮಿನ್, ಅಡ್ಮಿನಿಸ್ಟ್ರೇಟರ್, ಟೆಸ್ಟ್, ಸ್ಕ್ಯಾನರ್, ಅಕೌಂಟ್ಸ್ ಅಂತ ನಿಮ್ಮ ಆಫೀಸಿನಲ್ಲಿ ಇಲ್ಲದ ಹೆಸರುಗಳೂ ಸಾಲಾಗಿ ಬಂದಿದ್ದರೆ ಬಾಗಿಲು ತೆರೆದಿದೆ ಅಂತಲೇ ಅರ್ಥ. ಒಂದು ಸೂಕ್ಷ್ಮ ಇದೆ. ರಿಮೋಟ್ ಡೆಸ್ಕ್‌ಟಾಪ್ ಲಾಗಿನ್ ಅಂದರೆ ಟೈಪ್ 10 ಅಂತ ಪುಸ್ತಕದಲ್ಲಿ ಓದಿರುತ್ತೀರಿ. ಆದರೆ ಪರದೆ ತೆರೆಯುವ ಮೊದಲೇ ಪಾಸ್‌ವರ್ಡ್ ಕೇಳುವ ನೆಟ್‌ವರ್ಕ್ ಲೆವೆಲ್ ಅಥೆಂಟಿಕೇಶನ್ ಆನ್ ಇದ್ದರೆ ಸೋತ ಪ್ರಯತ್ನಗಳು ಟೈಪ್ 3 ಅಂತ ದಾಖಲಾಗುತ್ತವೆ. ಬರೀ 10 ಹುಡುಕಿದವರಿಗೆ ಏನೂ ಕಾಣದೆ, ಎಲ್ಲ ಸರಿ ಇದೆ ಅಂದುಕೊಳ್ಳುತ್ತಾರೆ.

ಮುಂದೆ 4624 ನೋಡಿ. ಅದು ಗೆದ್ದ ಲಾಗಿನ್. ಪರಿಚಯ ಇಲ್ಲದ ಹೊರಗಿನ ವಿಳಾಸದಿಂದ ಒಂದೇ ಒಂದು ಗೆಲುವು ಕಂಡರೂ ದುರಸ್ತಿ ಕೆಲಸ ಅಲ್ಲಿಗೆ ನಿಲ್ಲಿಸಿ. ಫಾರ್ಮ್ಯಾಟ್ ಮಾಡಬೇಡಿ, ಆಫ್ ಕೂಡ ಮಾಡಬೇಡಿ. ನೆಟ್‌ವರ್ಕ್ ಕೇಬಲ್ ಕಿತ್ತು, ಕೊನೆಯ ಭಾಗಕ್ಕೆ ಹೋಗಿ.

ವಿಂಡೋಸ್‌ನಲ್ಲಿ ಸೆಕ್ಯುರಿಟಿ ಲಾಗ್‌ಗೆ ತಾನಾಗಿ ಸಿಗುವ ಜಾಗ ಬಹುಪಾಲು 20 ಎಂಬಿ ಮಾತ್ರ. ದಾಳಿ ನಡೆಯುತ್ತಿರುವಾಗ ಅದು ಬೇಗ ತುಂಬಿ, ಹಳೆಯದು ಅಳಿಸಿಹೋಗುತ್ತದೆ. ನಿಮಗೆ ಬೇಕಿರುವುದು ಆ ಹಳೆಯದೇ. ಇವತ್ತೇ ಅದನ್ನು ದೊಡ್ಡದು ಮಾಡಿ.

ತೆರೆದ 3389ಕ್ಕೆ ಔಷಧಿ ಒಂದೇ, ಮುಚ್ಚುವುದು. ರಿಮೋಟ್ ಡೆಸ್ಕ್‌ಟಾಪ್ ಬೇಕೇ ಬೇಕು ಅಂದರೆ ವಿಪಿಎನ್ ಒಳಗೆ ಅಥವಾ ಗೇಟ್‌ವೇ ಹಿಂದೆ, ಎರಡನೇ ಹಂತದ ದೃಢೀಕರಣದ (ಪಾಸ್‌ವರ್ಡ್ ಆದ ಮೇಲೆ ಓಟಿಪಿಯಂಥ ಇನ್ನೊಂದು ಪರೀಕ್ಷೆಯ) ಜೊತೆಗೆ ಇರಲಿ. 2019ರ ಮೇನಲ್ಲಿ ಬಂದ ಬ್ಲೂಕೀಪ್ ದೋಷದಲ್ಲಿ ಪಾಸ್‌ವರ್ಡ್ ಊಹಿಸುವ ಅಗತ್ಯವೂ ಇರಲಿಲ್ಲ. ಹಳೆಯ ವಿಂಡೋಸ್ 7, ಸರ್ವರ್ 2008ರಂಥ ಯಂತ್ರದ ಪೋರ್ಟ್ ತೆರೆದಿದ್ದರೆ ಅಷ್ಟೇ ಸಾಕಿತ್ತು. ಪಾಸ್‌ವರ್ಡ್ ಗಟ್ಟಿ ಇದೆ ಅಂತ ನಂಬಿ ಕೂರುವುದು ಸರಿಯಲ್ಲ.

ಪೋರ್ಟ್ ಮುಚ್ಚಿಯೇ ಇದೆ, ಆದರೂ ಅಕೌಂಟ್ ಲಾಕ್ ಆಗುತ್ತಿದೆ ಅಂದರೆ ಡೊಮೇನ್ ಕಂಟ್ರೋಲರ್‌ನಲ್ಲಿ (ಎಲ್ಲರ ಲಾಗಿನ್ ನೋಡಿಕೊಳ್ಳುವ ಸರ್ವರ್‌ನಲ್ಲಿ) 4740 ನೋಡಿ. ಲಾಕ್ ಮಾಡಿಸಿದ ಯಂತ್ರದ ಹೆಸರು ಅದರಲ್ಲಿರುತ್ತದೆ. ಅದು ಆ ವ್ಯಕ್ತಿಯದೇ ಲ್ಯಾಪ್‌ಟಾಪ್, ಅಥವಾ ಮೇಲ್ ಸರ್ವರ್ ಹೆಸರು ಆಗಿದ್ದರೆ ಗಾಬರಿ ಬೇಡ. ಹಳೆಯ ಪಾಸ್‌ವರ್ಡನ್ನು ಫೋನಿನ ಮೇಲ್ ಆಪ್ ನೆನಪಿಟ್ಟುಕೊಂಡು ಮತ್ತೆ ಮತ್ತೆ ಕಳಿಸುತ್ತಿರುತ್ತದೆ. ಹೆಸರು ವಿಪಿಎನ್ ಸರ್ವರ್‌ನದಾಗಿದ್ದು, ಒಂದೇ ಗಂಟೆಯಲ್ಲಿ ಹತ್ತಾರು ಜನರ ಅಕೌಂಟ್ ಮೇಲೆ ಒಂದೆರಡೇ ಪ್ರಯತ್ನ ಆಗಿದ್ದರೆ ಅದು ದಾಳಿ. ಎಲ್ಲರ ಮೇಲೂ ಒಂದೇ ಪಾಸ್‌ವರ್ಡ್ ಎರಚಿ ನೋಡುತ್ತಿದ್ದಾರೆ. ಆ ಗಂಟೆಯಲ್ಲಿ ಯಾರ ಲಾಗಿನ್ ಗೆದ್ದಿದೆ ಅಂತ ಹುಡುಕಿ. ಲಾಕ್ ಆದವರ ಚಿಂತೆ ಕಮ್ಮಿ, ಲಾಕ್ ಆಗದೆ ಒಳಗೆ ಬಂದವರದೇ ಜಾಸ್ತಿ.

ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಿ ಅನ್ನುವ ನಿಯಮ ಇದ್ದರೆ ಈ ದೂರು ನಿಲ್ಲುವುದೇ ಇಲ್ಲ. ಮನೆಯಲ್ಲಿ ಕೂತವರು ವಿಪಿಎನ್ ಇಲ್ಲದೆ ಪಾಸ್‌ವರ್ಡ್ ಬದಲಿಸಿದರೆ ಲ್ಯಾಪ್‌ಟಾಪ್‌ಗೆ ಒಂದು, ಡೊಮೇನ್‌ಗೆ ಇನ್ನೊಂದು ಆಗುತ್ತದೆ. ಆಮೇಲೆ ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸುತ್ತಾರೆ. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ 2017ರಲ್ಲೇ ಸುಮ್ಮಸುಮ್ಮನೆ ಅವಧಿಗೊಮ್ಮೆ ಬದಲಿಸುವುದು ಬೇಡ ಅಂದಿದೆ. ಸೋರಿದೆ ಅಂತ ಗೊತ್ತಾದಾಗ ಬದಲಿಸಿದರೆ ಸಾಕು. ನನ್ನ ಅನುಭವವೂ ಅದೇ. ಉದ್ದದ ಪಾಸ್‌ವರ್ಡ್ ಕೊಟ್ಟು ಬಿಟ್ಟುಬಿಡಿ.

ಲಕ್ಷಣ: "ಓಟಿಪಿ ಬರ್ತಿಲ್ಲ, ಇವರಿಗೊಬ್ಬರಿಗೆ ತೆಗೆದುಬಿಡಿ"

ಮಲೆನಾಡಿನ ಮನೆಗಳಿಂದ ಈ ದೂರು ಜಾಸ್ತಿ. ಮನೆಯಲ್ಲಿ ಫೈಬರ್ ಇದೆ, ಮೊಬೈಲ್ ಸಿಗ್ನಲ್ ಇಲ್ಲ. ಎಸ್‌ಎಂಎಸ್‌ಗಾಗಿ ತೋಟದ ದಿಬ್ಬ ಹತ್ತಬೇಕು. ಒಂದೆರಡು ದಿನ ಹತ್ತುತ್ತಾರೆ, ಆಮೇಲೆ ಮ್ಯಾನೇಜರ್ ಕೈಲಿ ಹೇಳಿಸುತ್ತಾರೆ. ಎರಡನೇ ಹಂತದ ದೃಢೀಕರಣ ಅವರಿಗೆ ಮಾತ್ರ ಆಫ್ ಆಗುತ್ತದೆ. ಹೀಗೆ ಆಫ್ ಆದವರ ಪಟ್ಟಿ ತೆಗೆದು ನೋಡಿ. ಅದರಲ್ಲಿ ದೊಡ್ಡ ಹುದ್ದೆಯವರೇ ಜಾಸ್ತಿ ಇರುತ್ತಾರೆ.

ಪರಿಹಾರಕ್ಕೆ ಕಾಸು ಖರ್ಚಿಲ್ಲ. ಅಥೆಂಟಿಕೇಟರ್ ಆಪ್‌ನಲ್ಲಿ ಬರುವ ಆರಂಕಿಯ ಕೋಡ್‌ಗೆ ನೆಟ್‌ವರ್ಕ್ ಬೇಕಾಗುವುದೇ ಇಲ್ಲ. ಫೋನು ತನ್ನ ಗಡಿಯಾರ ನೋಡಿಕೊಂಡು 30 ಸೆಕೆಂಡಿಗೊಮ್ಮೆ ತಾನೇ ಲೆಕ್ಕ ಹಾಕಿ ತೋರಿಸುತ್ತದೆ. ಆ ಕೋಡನ್ನೂ ತಪ್ಪು ಅಂತ ತಿರಸ್ಕರಿಸುತ್ತಿದ್ದರೆ ಫೋನಿನ ಟೈಮ್ ನೋಡಿ. ಕೈಯಲ್ಲಿ ಸೆಟ್ ಮಾಡಿಕೊಂಡಿದ್ದರೆ ಒಂದೆರಡು ನಿಮಿಷ ಹಿಂದೆ ಮುಂದೆ ಇರುತ್ತದೆ. ಆಟೋಮ್ಯಾಟಿಕ್‌ಗೆ ಹಾಕಿದರೆ ಮುಗಿಯಿತು.

ಇದರ ಉಲ್ಟಾ ಲಕ್ಷಣ ಇನ್ನೂ ಅಪಾಯದ್ದು: "ರಾತ್ರಿಯೆಲ್ಲ ಅಪ್ರೂವ್ ಮಾಡಿ ಅಂತ ನೋಟಿಫಿಕೇಶನ್ ಬರ್ತಾ ಇತ್ತು." ಪಾಸ್‌ವರ್ಡ್ ಆಗಲೇ ಕಳ್ಳನ ಕೈಲಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. 2022ರ ಸೆಪ್ಟೆಂಬರ್‌ನಲ್ಲಿ ಊಬರ್‌ಗೆ ನುಗ್ಗಿದವನು ಇದನ್ನೇ ಮಾಡಿದ. ಒಬ್ಬ ಗುತ್ತಿಗೆ ಕೆಲಸಗಾರನ ಫೋನಿಗೆ ಮತ್ತೆ ಮತ್ತೆ ವಿನಂತಿ ಹೋಯಿತು, ಕೊನೆಗೊಮ್ಮೆ ಆತ ಒಪ್ಪಿಗೆ ಒತ್ತಿಬಿಟ್ಟ. ಬರೀ ಹೌದು, ಇಲ್ಲ ಬಟನ್ ತೆಗೆದು, ಪರದೆಯ ಮೇಲಿನ ಸಂಖ್ಯೆಯನ್ನು ಫೋನಿನಲ್ಲಿ ಬರೆಯಬೇಕಾದ ವಿಧಾನಕ್ಕೆ ಬದಲಿಸಿ. ನಿದ್ದೆಗಣ್ಣಲ್ಲಿ ಒತ್ತಿಬಿಡುವುದು ಆಗ ನಿಲ್ಲುತ್ತದೆ.

ಆದರೆ ಫೋನ್ ಮಾಡಿ ಮೋಸ ಮಾಡುವವರನ್ನು ಆ ಸಂಖ್ಯೆಯೂ ತಡೆಯುವುದಿಲ್ಲ. 2020ರ ಜುಲೈ 15ರಂದು ಟ್ವಿಟರ್‌ನಲ್ಲಿ ಒಬಾಮ, ಬೈಡನ್, ಮಸ್ಕ್ ಅವರ ಖಾತೆಗಳಿಂದ ಬಿಟ್‌ಕಾಯಿನ್ ಕೇಳುವ ಪೋಸ್ಟ್‌ಗಳು ಬಂದವಲ್ಲ, ಅದರ ಹಿಂದೆ ಇದ್ದದ್ದು ಒಂದು ವಿಪಿಎನ್ ದೂರು. ನ್ಯೂಯಾರ್ಕ್‌ನ ಹಣಕಾಸು ಸೇವೆಗಳ ಇಲಾಖೆ ತನಿಖೆ ಮಾಡಿ ಅದೇ ಅಕ್ಟೋಬರ್‌ನಲ್ಲಿ ವರದಿ ಕೊಟ್ಟಿತು. ನೌಕರರೆಲ್ಲ ಮನೆಯಲ್ಲಿದ್ದರು, ವಿಪಿಎನ್ ತೊಂದರೆ ಮಾಮೂಲಾಗಿತ್ತು. ಕಳ್ಳರು ಐಟಿ ವಿಭಾಗದವರು ಅಂತ ಹೇಳಿಕೊಂಡು ಫೋನ್ ಮಾಡಿದರು. ವಿಪಿಎನ್ ಲಾಗಿನ್ ಪುಟದಂತೆಯೇ ಕಾಣುವ ನಕಲಿ ಪುಟಕ್ಕೆ ಕರೆದೊಯ್ದರು. ನೌಕರ ಅಲ್ಲಿ ಟೈಪ್ ಮಾಡಿದ್ದನ್ನು ಆ ಕ್ಷಣವೇ ನಿಜವಾದ ಪುಟದಲ್ಲಿ ಹಾಕಿದರು. ಎರಡನೇ ಹಂತದ ವಿನಂತಿ ಬಂದಾಗ ಕೆಲವರು ಒಪ್ಪಿಯೂ ಬಿಟ್ಟರು. ಒಟ್ಟು 130 ಖಾತೆಗಳಿಗೆ ಗುರಿ ಇಟ್ಟಿದ್ದರು.

ಅಂದರೆ ಪರಿಹಾರವಾಗದ ವಿಪಿಎನ್ ದೂರೇ ಕಳ್ಳನಿಗೆ ನೆಪ ಒದಗಿಸಿತು. ತಿಂಗಳುಗಟ್ಟಲೆ ವಿಪಿಎನ್ ಕೈಕೊಡುತ್ತಿರುವ ಆಫೀಸಿನಲ್ಲಿ "ಐಟಿಯಿಂದ ಮಾತಾಡ್ತಿದೀನಿ, ನಿಮ್ಮ ವಿಪಿಎನ್ ಸರಿ ಮಾಡ್ತೀನಿ" ಅಂದರೆ ಯಾರಿಗೆ ಅನುಮಾನ ಬರುತ್ತದೆ ಹೇಳಿ? ಖುಷಿಯೇ ಆಗುತ್ತದೆ. ಇದಕ್ಕೊಂದು ಸರಳ ನಿಯಮ ಮಾಡಿ. ಐಟಿಯಿಂದ ಫೋನ್ ಬಂದರೆ ಇಟ್ಟುಬಿಡಿ, ಆಫೀಸಿನ ಪಟ್ಟಿಯಲ್ಲಿರುವ ನಂಬರ್‌ಗೆ ನೀವೇ ತಿರುಗಿ ಮಾಡಿ. ಎಂಡಿ ಹೇಳಿದರೂ ಇದೇ ನಿಯಮ. ಹಣ ಇದ್ದರೆ ದೊಡ್ಡ ಅಧಿಕಾರ ಇರುವ ಖಾತೆಗಳಿಗಾದರೂ ಯುಎಸ್‌ಬಿ ಭದ್ರತಾ ಕೀ ಕೊಡಿಸಿ. ಅದು ನಕಲಿ ವಿಳಾಸಕ್ಕೆ ಉತ್ತರ ಕೊಡುವುದಿಲ್ಲ.

ಯಾರಾದರೂ ಆಗಲೇ ಸಿಕ್ಕಿಬಿದ್ದಿದ್ದಾರೆಯೇ ಅಂತ ತಿಳಿಯಲು, ಇತ್ತೀಚೆಗೆ ಹೊಸದಾಗಿ ಸೇರಿದ ದೃಢೀಕರಣ ಸಾಧನಗಳ ಪಟ್ಟಿ ನೋಡಿ. ಕಳ್ಳ ಒಳಗೆ ಬಂದ ಮೇಲೆ ಮೊದಲು ತನ್ನ ಫೋನನ್ನೇ ಸೇರಿಸಿಕೊಳ್ಳುತ್ತಾನೆ. "ಬೇರೆ ಊರಿನಿಂದ ಲಾಗಿನ್" ಅನ್ನುವ ಎಚ್ಚರಿಕೆಯನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಹಾಸನದಲ್ಲಿ ಕೂತು ಮೊಬೈಲ್ ಡೇಟಾ ಬಳಸಿದರೆ ಚೆನ್ನೈ, ಮುಂಬೈ ಅಂತ ತೋರಿಸುವುದು ಮಾಮೂಲು.

ಲಕ್ಷಣ: ಪರದೆಯಲ್ಲಿ ಎಲ್ಲ ಹಸಿರು, ಯಂತ್ರಗಳು ಮಾತ್ರ ಹಳೆಯವು

ಆಫೀಸಿನೊಳಗಿನ ಅಪ್‌ಡೇಟ್ ಸರ್ವರ್‌ನಿಂದಲೇ ವಿಂಡೋಸ್ ಅಪ್‌ಡೇಟ್ ಪಡೆಯಬೇಕು ಅಂತ ಲ್ಯಾಪ್‌ಟಾಪ್‌ಗೆ ಹೇಳಿಟ್ಟಿರುತ್ತೇವೆ. ಲ್ಯಾಪ್‌ಟಾಪ್ ಮನೆಗೆ ಹೋದ ಮೇಲೆ ಆ ಸರ್ವರ್ ಕಾಣುವುದಿಲ್ಲ. ವರದಿಯಲ್ಲಿ ಶೇಕಡಾವಾರು ನೋಡಬೇಡಿ, "ಕೊನೆಯ ಸಲ ವರದಿ ಮಾಡಿದ ದಿನ" ಅನ್ನುವ ಕಾಲಂ ನೋಡಿ. ಮೂರು ತಿಂಗಳಿಂದ ಸುದ್ದಿಯೇ ಇಲ್ಲದ ಯಂತ್ರ ಕೂಡ ಕೊನೆಯ ಸಲ ಕಂಡಾಗ ಹಸಿರಾಗಿತ್ತು ಅನ್ನುವ ಕಾರಣಕ್ಕೆ ಹಸಿರಾಗಿಯೇ ಇರುತ್ತದೆ. ಅಪ್‌ಡೇಟ್ ಫೈಲುಗಳು ನೇರ ಇಂಟರ್‌ನೆಟ್‌ನಿಂದ ಬರಲಿ, ಅನುಮತಿ ಮತ್ತು ವರದಿ ಮಾತ್ರ ನಿಮ್ಮ ಕಡೆಯಿಂದ ನಡೆಯಲಿ. ವಿಪಿಎನ್ ಮೇಲಿನ ಭಾರವೂ ಇಳಿಯುತ್ತದೆ.

ಮನೆಗೆ ಹೋದ ಲ್ಯಾಪ್‌ಟಾಪ್‌ಗಿಂತ ಆಫೀಸಿನಲ್ಲೇ ಕೂತ ವಿಪಿಎನ್ ಪೆಟ್ಟಿಗೆಯನ್ನು ಮರೆಯುವುದು ಜಾಸ್ತಿ. ಪಲ್ಸ್ ಸೆಕ್ಯೂರ್ ವಿಪಿಎನ್‌ನ ಒಂದು ದೊಡ್ಡ ದೋಷಕ್ಕೆ 2019ರ ಏಪ್ರಿಲ್‌ನಲ್ಲೇ ಪ್ಯಾಚ್, ಅಂದರೆ ದೋಷ ಮುಚ್ಚುವ ಅಪ್‌ಡೇಟ್, ಬಂದಿತ್ತು. ಒಂದು ವರ್ಷ ಕಳೆದು, ಜಗತ್ತೇ ಮನೆಯಿಂದ ಕೆಲಸ ಮಾಡುತ್ತಿದ್ದ 2020ರ ಏಪ್ರಿಲ್‌ನಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಮತ್ತೆ ಎಚ್ಚರಿಕೆ ಕೊಡಬೇಕಾಯಿತು. ಪ್ಯಾಚ್ ಹಾಕಿದವರ ಮನೆಗೂ ಕಳ್ಳರು ಬರುತ್ತಿದ್ದರು. ಪ್ಯಾಚ್ ಹಾಕುವ ಮೊದಲೇ ಕದ್ದ ಪಾಸ್‌ವರ್ಡ್‌ಗಳು ಹಾಗೇ ನಡೆಯುತ್ತಿದ್ದವು. ಬೀಗ ಬದಲಿಸಿದರೂ ಕಳೆದ ಕೀಲಿ ತಿರುಗುತ್ತಿತ್ತು. ಫೋರ್ಟಿಗೇಟ್ ಅನ್ನುವ ಫೈರ್‌ವಾಲ್‌ನದೂ ಇದೇ ಕಥೆ. 2018ರ ದೋಷ, ಪ್ಯಾಚ್ 2019ರಲ್ಲಿ, ಆದರೆ ಸುಮಾರು 87,000 ಸಾಧನಗಳ ವಿಪಿಎನ್ ಪಾಸ್‌ವರ್ಡ್‌ಗಳು ಬಯಲಾದದ್ದು 2021ರ ಸೆಪ್ಟೆಂಬರ್‌ನಲ್ಲಿ. ಆದ್ದರಿಂದ ವಿಪಿಎನ್ ಪ್ಯಾಚ್ ತಡವಾಗಿ ಹಾಕಿದ್ದರೆ ಎಲ್ಲರ ಪಾಸ್‌ವರ್ಡ್ ಬದಲಿಸಿ, ನಡೆಯುತ್ತಿರುವ ಸೆಷನ್‌ಗಳನ್ನೆಲ್ಲ ಕಡಿದುಹಾಕಿ. ಆಮೇಲೆ ಕೆಲಸ ಮುಗಿಯಿತು ಅಂತ ಬರೆಯಿರಿ.

ಸ್ವಂತ ಕಂಪ್ಯೂಟರ್‌ನಿಂದ ಕೆಲಸ ಮಾಡುವವರ ಬಗ್ಗೆ ಒಂದು ಮಾತು. ಪಾಸ್‌ವರ್ಡ್ ಕಾಯುವುದನ್ನೇ ಕಸುಬು ಮಾಡಿಕೊಂಡ ಲಾಸ್ಟ್‌ಪಾಸ್‌ಗೆ 2022ರಲ್ಲಿ ಏಟು ಬಿದ್ದದ್ದು ಒಬ್ಬ ಎಂಜಿನಿಯರ್‌ನ ಮನೆಯ ಕಂಪ್ಯೂಟರ್‌ನಿಂದ. ಅದರಲ್ಲಿದ್ದ ಒಂದು ಮೀಡಿಯಾ ಸಾಫ್ಟ್‌ವೇರ್‌ನ ದೋಷದ ಮೂಲಕ, ಒತ್ತಿದ ಕೀಗಳನ್ನೆಲ್ಲ ಕದ್ದು ಬರೆದುಕೊಳ್ಳುವ ಕೀಲಾಗರ್ ಕೂರಿಸಿದ್ದರು. ಮನೆಯ ಕಂಪ್ಯೂಟರ್‌ನಲ್ಲಿ ಮಕ್ಕಳ ಆಟವೂ ಇರುತ್ತದೆ, ಯಾರೋ ಕೊಟ್ಟ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರೂ ಇರುತ್ತದೆ. ಎಲ್ಲರಿಗೂ ಲ್ಯಾಪ್‌ಟಾಪ್ ಕೊಡಿಸಲು ಆಗದಿದ್ದರೆ, ಅಡ್ಮಿನ್ ಅಧಿಕಾರ ಇರುವವರಿಗೆ ಮತ್ತು ಬ್ಯಾಂಕ್ ಪಾವತಿ ಮಾಡುವವರಿಗೆ ಮೊದಲು ಕೊಡಿಸಿ.

ಲಕ್ಷಣವೇ ಇಲ್ಲದ ದೋಷ

ಕೆಲಸ ಬಿಟ್ಟು ಹೋದವರ ಖಾತೆಯ ಬಗ್ಗೆ ಯಾರೂ ದೂರು ಕೊಡುವುದಿಲ್ಲ. 2021ರ ಮೇ 7ರಂದು ಅಮೆರಿಕದ ಕೊಲೊನಿಯಲ್ ಪೈಪ್‌ಲೈನ್ ಕಂಪನಿ ತನ್ನ ಇಂಧನ ಕೊಳವೆಯನ್ನೇ ನಿಲ್ಲಿಸಬೇಕಾಯಿತು. ಅಲ್ಲಿನ ಪೂರ್ವ ಕರಾವಳಿಯ ಅರ್ಧದಷ್ಟು ಇಂಧನ ಹರಿಯುತ್ತಿದ್ದ ಕೊಳವೆ ಅದು. ಕಳ್ಳರು ಬಂದದ್ದು ಬಳಕೆಯಲ್ಲೇ ಇಲ್ಲದ ಒಂದು ಹಳೆಯ ವಿಪಿಎನ್ ಖಾತೆಯಿಂದ. ಅದಕ್ಕೆ ಎರಡನೇ ಹಂತದ ದೃಢೀಕರಣ ಇರಲಿಲ್ಲ. ಕಂಪನಿ 75 ಬಿಟ್‌ಕಾಯಿನ್, ಅಂದರೆ ಸುಮಾರು 44 ಲಕ್ಷ ಡಾಲರ್ ಕೊಟ್ಟಿತು.

ಇದನ್ನು ಹುಡುಕಲು ಸಾಫ್ಟ್‌ವೇರ್ ಬೇಡ. ಈ ತಿಂಗಳ ಸಂಬಳದ ಪಟ್ಟಿ ತರಿಸಿಕೊಳ್ಳಿ. ಪಕ್ಕದಲ್ಲಿ ವಿಪಿಎನ್ ಬಳಕೆದಾರರ ಪಟ್ಟಿ ಇಡಿ. ಎರಡನೆಯದರಲ್ಲಿ ಇದ್ದು ಮೊದಲನೆಯದರಲ್ಲಿ ಇಲ್ಲದ ಹೆಸರುಗಳ ಮುಂದೆ ಗುರುತು ಹಾಕಿ. ಹೋದವರು ಸಿಗುತ್ತಾರೆ, ಆಡಿಟ್‌ಗೆ ಬಂದಿದ್ದ ಇಂಟರ್ನ್ ಸಿಗುತ್ತಾನೆ, ಟ್ಯಾಲಿ ಸಪೋರ್ಟ್‌ನವನಿಗೆ ಕೊಟ್ಟಿದ್ದ "ವೆಂಡರ್1" ಸಿಗುತ್ತದೆ. ಒಂದು ಕಡೆ ನನಗೆ ಸಿಕ್ಕಿದ್ದು "ಗೆಸ್ಟ್‌ಎಂಡಿ" ಅನ್ನುವ ಖಾತೆ. ಯಾರದು ಅಂತ ಎಂಡಿಗೂ ಗೊತ್ತಿರಲಿಲ್ಲ.

ರೂಲ್‌ಗಳ ಪಟ್ಟಿ ಓದುವುದು

ಇಷ್ಟು ಹೊತ್ತು ನೋಡಿದ ದೋಷಗಳಲ್ಲಿ ಹೆಚ್ಚಿನವು ಒಂದೇ ಥರ ಹುಟ್ಟಿವೆ. ನಿಯಮ ಕೆಲಸಕ್ಕೆ ಅಡ್ಡ ಬಂತು, ಒಬ್ಬರಿಗೆ ವಿನಾಯಿತಿ ಕೊಟ್ಟೆವು, ವಿನಾಯಿತಿಗೆ ಕೊನೆ ದಿನ ಹಾಕಲಿಲ್ಲ. ಭದ್ರತೆ ಪರಿಸ್ಥಿತಿಗೆ ತಕ್ಕಂತೆ ಬಗ್ಗಬೇಕು, ಸರಿ. ವಿನಾಯಿತಿ ಕೊಡಬೇಕಾಗಿ ಬರುವುದೂ ತಪ್ಪಲ್ಲ. ಬಗ್ಗಿದ್ದು ಮತ್ತೆ ನೆಟ್ಟಗಾಗುವ ಏರ್ಪಾಡು ಇಲ್ಲದಿರುವುದೇ ತೊಂದರೆ.

ಫೈರ್‌ವಾಲ್ ರೂಲ್‌ಗಳ ಪಟ್ಟಿ ತೆರೆದು ಹೆಸರುಗಳನ್ನು ಓದಿ. ಟೆಂಪ್, ಟೆಂಪ್2, ಟೆಸ್ಟ್, ಡೋಂಟ್ ಡಿಲೀಟ್. ಇವೇ ಅಲ್ವಾ? ಪ್ರತಿ ರೂಲ್‌ನ ಪಕ್ಕ ಎಷ್ಟು ಟ್ರಾಫಿಕ್ ಹೋಗಿದೆ ಅನ್ನುವ ಲೆಕ್ಕ ಬಹಳ ಫೈರ್‌ವಾಲ್‌ಗಳಲ್ಲಿ ಇರುತ್ತದೆ. ಅದನ್ನು ಸೊನ್ನೆ ಮಾಡಿ ಒಂದು ತಿಂಗಳು ಬಿಡಿ. ಆಮೇಲೂ ಸೊನ್ನೆಯಲ್ಲೇ ಇರುವ ರೂಲ್ ಅನ್ನು ಅಳಿಸಬೇಡಿ, ನಿಷ್ಕ್ರಿಯ ಮಾಡಿ. ಮಾರ್ಚ್ ಕೊನೆ ದಾಟುವವರೆಗೂ ಹಾಗೇ ಇರಲಿ. ವರ್ಷಕ್ಕೊಮ್ಮೆ ಮಾತ್ರ ಬೇಕಾಗುವ ದಾರಿಗಳೂ ಇರುತ್ತವೆ. ಯಾರೂ ಕೂಗದಿದ್ದರೆ ಏಪ್ರಿಲ್‌ನಲ್ಲಿ ಅಳಿಸಿ.

ಮುಂದಿನ ವಿನಾಯಿತಿಗಳಿಗೆ ರೂಲ್‌ನ ಹೆಸರಲ್ಲೇ ಕೇಳಿದವರು, ಕಾರಣ, ಕೊನೆ ದಿನ ಬರೆಯಿರಿ. ಅವಧಿ ಹಾಕುವ ಸೌಲಭ್ಯ ಫೈರ್‌ವಾಲ್‌ನಲ್ಲಿದ್ದರೆ ಅದನ್ನೇ ಬಳಸಿ, ತಾನಾಗಿ ಮುಚ್ಚಲಿ. ಇನ್ನೂ ಬೇಕು ಅಂದವರು ಮತ್ತೆ ಕೇಳುತ್ತಾರೆ. ಎರಡು ಸಲಕ್ಕಿಂತ ಹೆಚ್ಚು ಕೇಳಿದರೆ ಅದು ವಿನಾಯಿತಿ ಅಲ್ಲ, ನಿಮ್ಮ ನಿಯಮವೇ ಕೆಲಸಕ್ಕೆ ಹೊಂದುತ್ತಿಲ್ಲ. ಆಗ ನಿಯಮ ತಿದ್ದಿ.

ತಿದ್ದಬೇಕಾದ ಮೊದಲ ನಿಯಮ ಸಾಮಾನ್ಯವಾಗಿ ಐಪಿ ವಿಳಾಸ ನೋಡಿ ಒಳಗೆ ಬಿಡುವುದು. ಮನೆಯ ಇಂಟರ್‌ನೆಟ್ ವಿಳಾಸ ಆಗಾಗ ಬದಲಾಗುತ್ತದೆ. ಎಷ್ಟೋ ಕಡೆ ನೂರಾರು ಮನೆಗಳು ಒಂದೇ ವಿಳಾಸದ ಹಿಂದೆ ಇರುತ್ತವೆ. ಇವತ್ತು ಒಬ್ಬರ ವಿಳಾಸ ಸೇರಿಸುತ್ತೇವೆ, ನಾಳೆ ಕರೆಂಟ್ ಹೋಗಿ ಬಂದು ರೂಟರ್ ಬೇರೆ ವಿಳಾಸ ಪಡೆಯುತ್ತದೆ, ಬೇಸತ್ತು ಆ ಕಂಪನಿಯ ಇಡೀ ಸರಣಿಯನ್ನೇ ಬಿಟ್ಟುಬಿಡುತ್ತೇವೆ. ಈಗ ಊರಿಗೆ ಊರೇ ಒಳಗಿದೆ. ಅದರ ಬದಲು ಯಾರು ಬರುತ್ತಿದ್ದಾರೆ, ಯಾವ ಯಂತ್ರದಿಂದ ಬರುತ್ತಿದ್ದಾರೆ, ಆ ಯಂತ್ರ ಸುಸ್ಥಿತಿಯಲ್ಲಿದೆಯೇ ಅನ್ನುವುದನ್ನು ನೋಡಿ ಬಿಡಬೇಕು. 2009ರಲ್ಲಿ ತನ್ನ ಮೇಲೆ ಸೈಬರ್ ದಾಳಿಯಾದ ಮೇಲೆ ಗೂಗಲ್ ತನ್ನ ನೌಕರರಿಗೆ ಇದೇ ದಾರಿ ಹಿಡಿಯಿತು. ಎನ್‌ಐಎಸ್‌ಟಿ 2020ರ ಆಗಸ್ಟ್‌ನಲ್ಲಿ ಝೀರೋ ಟ್ರಸ್ಟ್ ಅನ್ನುವ ಹೆಸರಿನಲ್ಲಿ ದಾಖಲೆಯನ್ನೇ ಹೊರತಂದಿತು. ಹೆಸರು ಕೇಳಿ ಹೆದರುವುದು ಬೇಡ. ಆ ಹೆಸರಿನಲ್ಲಿ ಪೆಟ್ಟಿಗೆ ಮಾರಲು ಬರುವವರಿಗೆ ಟೀ ಕೊಟ್ಟು ಕಳಿಸಿ. ನಿಮ್ಮ ಮೇಲ್ ಸೇವೆಯ ಲೈಸೆನ್ಸ್‌ನಲ್ಲೇ ನೋಂದಾಯಿತ ಯಂತ್ರಗಳಿಗೆ ಮಾತ್ರ ಪ್ರವೇಶ ಅನ್ನುವ ಆಯ್ಕೆ ಇದೆಯೇ ಅಂತ ಮೊದಲು ನೋಡಿ.

ದೋಷ ಅಲ್ಲ, ದಾಳಿ ಅಂತ ಗೊತ್ತಾದರೆ

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಎಲ್ಲ ಯಂತ್ರಗಳ ಗಡಿಯಾರ ಹೊಂದಿಕೆಯಾಗಿರಬೇಕು. ಗಡಿಯಾರದ ಮಾತು ಸಣ್ಣದು ಅನ್ನಿಸುತ್ತದೆ. ಫೈರ್‌ವಾಲ್ ಗಡಿಯಾರ ಹದಿನೈದು ನಿಮಿಷ ಮುಂದಿದ್ದರೆ, ವಿಪಿಎನ್ ಲಾಗಿನ್ ಆಗುವ ಮೊದಲೇ ಸರ್ವರ್‌ನಲ್ಲಿ ಫೈಲು ಅಳಿಸಿದಂತೆ ಲಾಗ್ ತೋರಿಸುತ್ತದೆ. ಯಾರ ಮೇಲೆ ಅನುಮಾನ ಪಡಬೇಕು ಅನ್ನುವುದೇ ತಲೆಕೆಳಗಾಗುತ್ತದೆ.

ನಿಮ್ಮ ತಯಾರಿ ಎಷ್ಟಿದೆ ಅಂತ ಈಗಲೇ ನೋಡಬಹುದು. ಮೂರು ತಿಂಗಳ ಹಿಂದಿನ ಯಾವುದೋ ಒಂದು ಮಂಗಳವಾರ ಬೆಳಗ್ಗೆ ಹತ್ತಕ್ಕೆ ವಿಪಿಎನ್‌ನಲ್ಲಿ ಯಾರ್ಯಾರಿದ್ದರು ಅಂತ ಪಟ್ಟಿ ಕೇಳಿ. ಹತ್ತು ನಿಮಿಷದಲ್ಲಿ ಬಂದರೆ ಸರಿ. ಬರದಿದ್ದರೆ ಲಾಗನ್ನು ಫೈರ್‌ವಾಲ್‌ನಿಂದ ಹೊರಗೆ, ಬೇರೊಂದು ಯಂತ್ರಕ್ಕೆ ಕಳಿಸುವ ಏರ್ಪಾಡು ಮಾಡಿ. ಆ ಯಂತ್ರ ಡೊಮೇನ್‌ಗೆ ಸೇರದೇ ಇರಲಿ. ಡೊಮೇನ್ ಅಡ್ಮಿನ್ ಪಾಸ್‌ವರ್ಡ್ ಸಿಕ್ಕವನಿಗೆ ಅಲ್ಲಿನ ಲಾಗ್ ಅಳಿಸಲು ಆಗಬಾರದು.

ಖಾತೆಯಿಂದ ಹಣ ಹೋಗಿದ್ದರೆ ಸರ್ಟ್-ಇನ್‌ಗಿಂತ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಜಾಸ್ತಿ. ಆಮೇಲೆ ಬ್ಯಾಂಕು, ಆಮೇಲೆ ನಿಮ್ಮ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆ. ಈ ನಂಬರ್‌ಗಳು ಮತ್ತು ಸರ್ಟ್-ಇನ್‌ಗೆ ಕಳಿಸುವ ಫಾರಂ ಫೈಲ್ ಸರ್ವರ್‌ನಲ್ಲಿದ್ದರೆ ಆ ಹೊತ್ತಿಗೆ ತೆರೆಯುವುದಿಲ್ಲ. ಪ್ರಿಂಟ್ ತೆಗೆದು ಐಟಿಯವರ ಮನೆಯಲ್ಲೊಂದು, ಆಫೀಸಿನ ರಿಸೆಪ್ಷನ್‌ನಲ್ಲೊಂದು ಇಡಿ. ಮನೆಯಿಂದ ಕೆಲಸ ಮಾಡುವವರ ಸ್ವಂತ ಫೋನ್ ನಂಬರ್‌ಗಳ ಪಟ್ಟಿಯೂ ಅದರ ಜೊತೆಗಿರಲಿ. ಮೇಲ್ ನಿಂತ ದಿನ "ಲ್ಯಾಪ್‌ಟಾಪ್ ಆನ್ ಮಾಡಬೇಡಿ" ಅಂತ ಅವರಿಗೆ ಹೇಳಲು ಬೇರೆ ದಾರಿ ಇರುವುದಿಲ್ಲ.